ದೀವದ ಮಿಗವೂ ಹಿಟ್ಟಿನ ಕೋಳಿಯೂ

ಹರಿಹರದ ಹರಿಹರೇಶ್ವರ ದೇವಾಲಯವು 1224ರಲ್ಲಿ ನಿರ್ಮಾಣವಾಗುವುದಕ್ಕೆ ಹದಿನೈದು ವರ್ಷ ಮೊದಲು, ಅದೇ ಹೊಯ್ಸಳರ ಆಳ್ವಿಕೆಯಲ್ಲಿ, ಜನ್ನನು ‘ಯಶೋಧರ ಚರಿತೆ’ಯನ್ನು ಪೂರೈಸಿದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಅರಸನ ಕಥೆಯೆಂದು ಶ್ರಾವಕರೆಲ್ಲರೂ ಅದನ್ನು ಬಲ್ಲರು. ಆದರೆ ವಂಚನೆಯ ಬೇಟೆಯನ್ನು ಅಳೆಯುವ ತಕ್ಕಡಿಯೂ ಅದರಲ್ಲಿದೆ ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಕಾಡುಮಿಗವನ್ನು ಸೆಳೆಯಲು ಪಳಗಿಸಿದ ಮಿಗವನ್ನು ಹಳಗನ್ನಡವು ‘ದೀವ’ ಎಂದು ಕರೆಯಿತು. ಪಳಗಿದ ಜಿಂಕೆಗೆ ಬಲೆ ತೊಡಿಸಿ ಕಾಡು ಜಿಂಕೆಯ ಮೇಲೆ ಬಿಡುವ ಕ್ರಮವನ್ನು ‘ಐನ್-ಇ-ಅಕ್ಬರಿ’ ವರ್ಣಿಸುತ್ತದೆ. ಇಂದು ಅಮೆರಿಕದಲ್ಲಿ ದೀವದ ಮಿಗವೂ ಬೇಕಿಲ್ಲ. ಅಲ್ಲಿನ ಬಿಳಿಬಾಲದ ಗಂಡುಜಿಂಕೆಯು ಬೆದೆಗಾಲದಲ್ಲಿ ಬಾಗಿದ ಕೊಂಬೆಯ ಕೆಳಗೆ ಗೊರಸಿನಿಂದ ನೆಲ ಕೆರೆದು, ಮೂತ್ರದ ವಾಸನೆಯಿಂದ ತನ್ನ ಇರವನ್ನು ಸಾರುತ್ತದೆ. ಬೇಟೆಗಾರನು ಕೋಲಿನಿಂದ ಅಂಥದೇ ಗುರುತನ್ನು ಕೆರೆದು, ಬೆದೆಯ ಹೆಣ್ಣುಜಿಂಕೆಯ ಮೂತ್ರವನ್ನು ಸೀಸೆಯಿಂದ ಸುರಿದು, ಮರೆಯಲ್ಲಿ ಕಾಯುತ್ತಾನೆ. ವರ್ಜೀನಿಯಾದಂಥ ಕೆಲವು ರಾಜ್ಯಗಳು ಈ ಮೂತ್ರದ ಬಳಕೆಯನ್ನು ನಿಷೇಧಿಸಿವೆ. ಕಾರಣ ಜಿಂಕೆಗಳ ಮಾರಕ ರೋಗ ಹರಡುವ ಭಯವೇ ಹೊರತು ದಯೆಯಲ್ಲ.

ವ್ಯಾಪಾರಿಯ ಕಣ್ಣಿಗೆ ಇದರ ದೋಷ ಬೇಗ ಕಾಣಬೇಕು. ನೆಲದ ಆ ಗುರುತು ಜಿಂಕೆಯ ಓಲೆ, ಆ ವಾಸನೆ ಅದರ ರುಜು. ಅದನ್ನು ನಕಲು ಮಾಡುವುದು ಖೋಟಾ ದಸ್ತಾವೇಜು ಬರೆದಂತೆಯೇ. ‘ತತ್ತ್ವಾರ್ಥಸೂತ್ರ’ವು ಕೂಟಲೇಖಕ್ರಿಯೆಯನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಹೀಗೆ ಇಂಥ ಬೇಟೆಯಲ್ಲಿ ಅಹಿಂಸೆಯೊಡನೆ ಸತ್ಯವೂ ಭಂಗಗೊಳ್ಳುತ್ತದೆ. ಮಾತು ಬಾರದ ಪ್ರಾಣಿಗೆ ಹೇಳಿದ ಸುಳ್ಳೂ ಸುಳ್ಳೇ.

‘ಜಿಂಕೆ ತಾನಾಗಿ ಬಂದಿತು’ ಎಂಬುದು ಬೇಟೆಗಾರನ ಸಮಾಧಾನ. ‘ಕೋಳಿ ಹಿಟ್ಟಿನದಲ್ಲವೇ’ ಎಂಬುದು ಚಂದ್ರಮತಿಯ ಸಮಾಧಾನ. ಒಂದೆಡೆ ಕರೆ ಕೃತಕ, ಇನ್ನೊಂದೆಡೆ ಬಲಿ ಕೃತಕ. ಎರಡೂ ಕಡೆ ಸಂಕಲ್ಪ ಮಾತ್ರ ನಿಜವಾದದ್ದು. ಮನಸ್ಸಿಲ್ಲದೆ ಒಪ್ಪಿದ ಯಶೋಧರನಿಗೆ ಇಷ್ಟು ಭವಗಳ ದುಃಖವೇಕೆ, ದಂಡನೆ ಅತಿಯಾಯಿತಲ್ಲವೇ ಎಂಬ ಆಕ್ಷೇಪ ಸಹಜವಾದದ್ದೇ. ಆದರೆ ಕವಿಯು ತೀರ್ಪು ಕೊಡುವುದಕ್ಕಿಂತ ಹೆಚ್ಚಾಗಿ ಪಾತ್ರಗಳನ್ನು ಅದಲುಬದಲು ಮಾಡುತ್ತಾನೆ. ತಾಯಿಮಗ ಕೊನೆಗೆ ಕೋಳಿಗಳಾಗಿ ಹುಟ್ಟಿ ಕೂಗಿದಾಗ, ಯಶೋಮತಿಯು ಶಬ್ದವೇಧಿಯ ಜಾಣ್ಮೆ ತೋರಲು ಬಾಣ ಬಿಡುತ್ತಾನೆ. ಅವುಗಳ ದನಿಯೇ ಅವುಗಳ ಸಾವಿಗೆ ದಾರಿಯಾಗುತ್ತದೆ. ವಾಸನೆಯನ್ನು ನಂಬಿ ಬಂದ ಜಿಂಕೆಯ ಗತಿಯೂ ಇದೇ. ಕೊಂದವನನ್ನು ಕೊಲ್ಲಲ್ಪಡುವ ಜೀವದ ಒಳಗೆ ನಿಲ್ಲಿಸಿ ತೋರಿಸುವುದು ಈ ಕಾವ್ಯದ ನಿಜವಾದ ಶಕ್ತಿ.

ಇದು ದೂರದ ಮಾತಲ್ಲ. ಹರಿಹರದಿಂದ ತುಂಗಭದ್ರೆಯನ್ನು ದಾಟಿದರೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ದೂರವಿಲ್ಲ. ದಾವಣಗೆರೆ ಜಿಲ್ಲೆಯಲ್ಲೇ ರಂಗಯ್ಯನದುರ್ಗದ ಕೊಂಡುಕುರಿಗಳಿವೆ. ಕೃಷ್ಣಮೃಗದ ಗಂಡೂ ಹಿಕ್ಕೆಯ ರಾಶಿಯಿಂದ, ಕಣ್ಣಿನ ಬಳಿಯ ಗ್ರಂಥಿಯ ಸ್ರಾವದಿಂದ ತನ್ನ ನೆಲೆಯನ್ನು ಗುರುತಿಸುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉರುಳೊಡ್ಡುವುದನ್ನೂ ಆಮಿಷವಿಡುವುದನ್ನೂ, ಅಂಥ ಪ್ರತಿಯೊಂದು ಪ್ರಯತ್ನವನ್ನೂ ಬೇಟೆಯೆಂದೇ ಎಣಿಸುತ್ತದೆ. ಪ್ರಾಣಿ ಸಾಯದಿದ್ದರೂ ಅಪರಾಧವುಂಟೆಂಬ ಈ ವಿಧಿಯು ಜನ್ನನ ನಿಲುವಿಗೆ ಹತ್ತಿರವಾದದ್ದು.

ಮೆಕ್ಕೆಜೋಳದ ಪೈರನ್ನು ಕಾಯಲು ಜಿಂಕೆಯನ್ನು ಕೂಗಿ ಓಡಿಸುವ ರೈತನಿಗೂ, ಕರೆದು ಕೊಲ್ಲುವವನಿಗೂ ಅಂತರವಿದೆ. ಆದರೆ ಉರುಳಿಗೆಂದು ತಿಳಿದೂ ತಂತಿಯನ್ನು ಅಳೆದುಕೊಡುವ ಅಂಗಡಿಯವನು ಎಲ್ಲಿ ನಿಲ್ಲುತ್ತಾನೆ? ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹಿಂಸೆಯ ಉಪಕರಣ ಕೊಡುವುದನ್ನು ಹಿಂಸಾದಾನವೆಂಬ ಅನರ್ಥದಂಡವಾಗಿ ಹೆಸರಿಸಿದ್ದಾರೆ. ಬಸದಿಯಲ್ಲಿ ಯಶೋಧರನ ಕಥೆ ಕೇಳಿ ಕಣ್ಣೊರೆಸಿಕೊಂಡವರು ಮರುದಿನ ಗಲ್ಲೆಯ ಮುಂದೆ ಕುಳಿತು ಅದನ್ನು ಮರೆತರೆ, ಆ ಕಣ್ಣೀರೂ ಹಿಟ್ಟಿನದೇ.