ಚಿತ್ರಕಾರನ ಗೆರೆಯೂ ಗಣಕದ ಚಲನೆಯೂ

ಕೈಯಿಂದ ಬರೆದ ಚಿತ್ರವನ್ನೂ ಗಣಕಯಂತ್ರದಲ್ಲಿ ರಚಿತವಾದ ಚಿತ್ರವನ್ನೂ ಬೆರೆಸುವ ತಂತ್ರಾಂಶಗಳು ಆನಿಮೇಷನ್ ಕಲೆಯಲ್ಲಿ ಬಳಕೆಗೆ ಬಂದಿವೆ. ಈ ಬೆರಕೆಯಲ್ಲಿ ಕೈಗೆ ಉಳಿಯುವ ಅಧಿಕಾರವೆಷ್ಟು ಎಂಬುದು ವಿಮರ್ಶಕನು ಕೇಳತಕ್ಕ ಮೊದಲ ಪ್ರಶ್ನೆ.

ಡಿಸ್ನಿ ಸಂಸ್ಥೆಯ ‘ಪೇಪರ್‌ಮ್ಯಾನ್’ (2012) ಕಿರುಚಿತ್ರವನ್ನು ಜಾನ್ ಕಾರ್ಸ್ ಅವರು ‘ಮಿಯಾಂಡರ್’ ಎಂಬ ತಂತ್ರಾಂಶದ ನೆರವಿನಿಂದ ನಿರ್ದೇಶಿಸಿದರು. ಅಲ್ಲಿ ಚಲಿಸುವುದು ಗಣಕದ ಮೂರು ಆಯಾಮದ ಆಕೃತಿ. ಕಲಾವಿದನು ಕೆಲವು ಚೌಕಟ್ಟುಗಳ ಮೇಲೆ ಗೆರೆ ಬರೆಯುತ್ತಾನೆ. ನಡುವಣ ಚೌಕಟ್ಟುಗಳಲ್ಲಿ ತಂತ್ರಾಂಶವು ಆ ಗೆರೆಯನ್ನು ಚಲನೆಯೊಡನೆ ಒಯ್ಯುತ್ತದೆ. ಚಲನೆಯನ್ನು ಯೋಜಿಸಿದವರೂ ಕಲಾವಿದರೇ ನಿಜ. ಆದರೂ ಗೆರೆಯು ಸಿದ್ಧವಾದ ಮೈಗೆ ತೊಡಿಸಿದ ಸೊಗಸಾದ ಉಡುಗೆಯಾಗಿ ಉಳಿಯುತ್ತದೆ. ಸ್ಪೇನಿನ ಸೆರ್ಜಿಯೊ ಪಾಬ್ಲೋಸ್ ಅವರ ‘ಕ್ಲೌಸ್’ (2019) ಚಿತ್ರದ ಮಾರ್ಗವು ಇದಕ್ಕೆ ವಿರುದ್ಧವಾದುದು. ಅಲ್ಲಿ ಪಾತ್ರಗಳ ಗೆರೆಯೂ ನಡೆಯೂ ಚಿತ್ರಕಾರನವು. ತಂತ್ರಾಂಶವು ಅವಕ್ಕೆ ನೆರಳು ಬೆಳಕುಗಳನ್ನು ಕೂಡಿಸುತ್ತದೆ.

ಈ ಭೇದವು ತಳಕಲ್ಲಿನ ಸುತ್ತಣ ಸೀಮೆಗೆ ಅಪರಿಚಿತವಲ್ಲ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ತೊಗಲುಗೊಂಬೆಯಾಟಕ್ಕಾಗಿ. ಆ ಆಟದಲ್ಲಿ ಹದಮಾಡಿದ ತೊಗಲನ್ನು ಕೊರೆದು ಬಣ್ಣವಿಡುವುದೂ ಕೈ, ಕುಣಿಸುವುದೂ ಕೈ. ಪರದೆಯ ಹಿಂದಣ ದೀಪವು ಬಣ್ಣವನ್ನು ಬೆಳಗುತ್ತದೆ, ಅಷ್ಟೆ. ‘ಕ್ಲೌಸ್’ ಚಿತ್ರದಲ್ಲಿ ತಂತ್ರಾಂಶವು ಈ ದೀಪದ ಕೆಲಸವನ್ನು ಮಾಡಿದೆ.

ಆದುದರಿಂದ ತೊಗಲುಗೊಂಬೆಗಳನ್ನು ಗಣಕಕ್ಕೆ ತರಬಯಸುವ ವಿದ್ಯಾರ್ಥಿಗಳು ಗೊಂಬೆಯ ಚಿತ್ರವನ್ನು ಪ್ರತಿಮಾಡಿಕೊಂಡು ಚಲನೆಯನ್ನು ಯಂತ್ರಕ್ಕೆ ಒಪ್ಪಿಸಿದರೆ ಕಲೆಯ ಅರ್ಧವನ್ನೇ ಕಳೆದುಕೊಂಡಾರು. ಆಡಿಸುವ ಕೈಯ ನಡೆಯನ್ನು ಅವರು ಮೊದಲು ಅಭ್ಯಸಿಸುವುದು ಉಚಿತ.