ಹಡೆದ ಏಡಿ ಸಾಯುವುದಿಲ್ಲ

ಏಡಿಯ ಮರಿಗಳು ತಾಯಿಯ ಹೊಟ್ಟೆ ಸೀಳಿಕೊಂಡು ಹೊರಬರುತ್ತವೆ, ಹಡೆದ ಏಡಿ ಬದುಕುವುದಿಲ್ಲ ಎಂಬ ನಂಬಿಕೆ ಬಹಳ ಹಳೆಯದು. ಮಹಾಭಾರತದ ವನಪರ್ವದಲ್ಲಿ ತನ್ನನ್ನು ಹೊತ್ತೊಯ್ಯಲು ಬಂದ ಜಯದ್ರಥನಿಗೆ ದ್ರೌಪದಿ ಅವನ ನಾಶ ಹತ್ತಿರವಾಯಿತೆಂದು ಎಚ್ಚರಿಸುತ್ತಾಳೆ. ಆಗ ಫಲ ಕೊಟ್ಟು ಸಾಯುವ ಬಾಳೆ, ಬಿದಿರುಗಳ ಸಾಲಿಗೆ ಬಸುರಿ ಏಡಿಯನ್ನೂ ಸೇರಿಸುತ್ತಾಳೆ. ಬಾಳೆ, ಬಿದಿರಿನ ಮಾತು ನಿಜ. ಏಡಿಯ ಮಾತು ನಿಜವಲ್ಲ.

ಹಳ್ಳ, ಗದ್ದೆಗಳ ಹೆಣ್ಣು ಏಡಿಯನ್ನು ಮಗುಚಿ ನೋಡಿದರೆ ಹೊಟ್ಟೆಗೆ ಒತ್ತಿಕೊಂಡ ಅಗಲವಾದ ಮುಚ್ಚಳ ಕಾಣುತ್ತದೆ. ಗಂಡಿಗೆ ಅದು ಕಿರಿದು. ತತ್ತಿಗಳು ಮೈಯಿಂದ ಹೊರಬಂದ ಮೇಲೆ ಈ ಮುಚ್ಚಳದ ಒಳಬದಿಯ ಸಣ್ಣ ಕಾಲುಗಳ ರೋಮಕ್ಕೆ ಅಂಟಿಕೊಳ್ಳುತ್ತವೆ. ತಾಯಿ ಅವನ್ನು ಹೊತ್ತುಕೊಂಡೇ ಬಿಲದ ತಂಪಿನಲ್ಲಿ ಇರುತ್ತದೆ, ಆಗಾಗ ಅಲುಗಾಡಿಸಿ ಅವುಗಳಿಗೆ ಹೊಸ ನೀರು ತಾಗುವಂತೆ ಮಾಡುತ್ತದೆ. ತತ್ತಿ ಒಡೆದ ಮೇಲೂ ಮರಿಗಳು ಕೂಡಲೇ ಹೋಗುವುದಿಲ್ಲ; ಇನ್ನೂ ಕೆಲವು ದಿನ, ಕೆಲವು ಜಾತಿಗಳಲ್ಲಿ ವಾರಗಟ್ಟಲೆ, ಆ ಮುಚ್ಚಳದಡಿಯೇ ಇರುತ್ತವೆ. ಮುಚ್ಚಳ ತೆರೆದು ಮರಿಗಳು ಬಿಲಬಿಲನೆ ಹೊರಬಿದ್ದಾಗ ಹೊಟ್ಟೆಯೇ ಸೀಳಿತೆಂದು ನೋಡಿದವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಏಡಿ ಕಳಚಿಟ್ಟ ಖಾಲಿ ಚಿಪ್ಪು ಬಿಲದ ಬಾಯಲ್ಲಿ ಸಿಕ್ಕರೆ ಅದು ಸತ್ತ ತಾಯಿಯಂತೆಯೇ ತೋರುತ್ತದೆ. ಕಂಡದ್ದು ಸರಿ, ಅದಕ್ಕೆ ಕಟ್ಟಿದ ಅರ್ಥ ತಪ್ಪು. ಮರಿಗಳನ್ನು ಬಿಟ್ಟ ತಾಯಿ ಬದುಕಿರುತ್ತದೆ, ಮತ್ತೆ ಮರಿ ಮಾಡಬಲ್ಲದು.

ಓದಿದವರಲ್ಲಿ ಇನ್ನೊಂದು ಅಭಿಪ್ರಾಯವಿದೆ: ಏಡಿ ಲಕ್ಷಗಟ್ಟಲೆ ತತ್ತಿ ಇಟ್ಟು ನೀರಿಗೆ ಬಿಡುತ್ತದೆ, ಎಷ್ಟು ಕೊಂದರೂ ಮುಗಿಯುವುದಿಲ್ಲ. ಇದು ಕಡಲ ಏಡಿಯ ಪಾಠ. ಕಾರವಾರ, ಕುಂದಾಪುರದ ಅಳಿವೆಗಳ ಕೆಸರು ಏಡಿ ನಿಜಕ್ಕೂ ಲಕ್ಷಗಟ್ಟಲೆ ತತ್ತಿ ಹೊರುತ್ತದೆ. ಅದರ ಮರಿಗಳು ಹುಟ್ಟುವಾಗ ಏಡಿಯಂತೆ ಇರುವುದೇ ಇಲ್ಲ, ತೇಲುವ ಲಾರ್ವಾಗಳಾಗಿ ಅಲೆಗಳ ಪಾಲಾಗುತ್ತವೆ, ಬಹುಪಾಲು ಮೀನಿನ ಬಾಯಿಗೆ ಹೋಗುತ್ತವೆ. ಹಳ್ಳದ ಹರಿವಿನಲ್ಲಿ ಅಂಥ ಮರಿ ಕೊಚ್ಚಿಹೋಗುತ್ತದೆ. ಸಿಹಿನೀರಿನ ಏಡಿ ಬೇರೆ ದಾರಿ ಹಿಡಿಯಿತು. ಓಜಿಯೊಟೆಲ್ಫುಸಾ, ಬ್ಯಾರಿಟೆಲ್ಫುಸಾ ಬಳಗದ ನಮ್ಮ ಏಡಿಗಳ ತತ್ತಿ ದೊಡ್ಡದು, ಬಂಡಾರ ತುಂಬಿದ್ದು, ಸಂಖ್ಯೆ ಮಾತ್ರ ಹೆಚ್ಚೆಂದರೆ ಕೆಲವು ನೂರು. ಲಾರ್ವಾ ಹಂತಗಳೆಲ್ಲ ತತ್ತಿಯೊಳಗೇ ಮುಗಿದು, ಕೊಂಡಿ, ಕಾಲು ಎಲ್ಲ ಮೂಡಿದ ಪುಟ್ಟ ಏಡಿಯೇ ಹೊರಬರುತ್ತದೆ. ಕಡಲ ತಾಯಿ ಸಂಖ್ಯೆಯನ್ನು ನಂಬಿದರೆ, ಹಳ್ಳದ ತಾಯಿ ಆರೈಕೆಯನ್ನು ನಂಬಿದೆ.

ಈ ಆರೈಕೆ ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಜಮೈಕಾದ ಮೆಟೊಪಾಲಿಯಾಸ್ ಡಿಪ್ರೆಸಸ್ ಏಡಿ ಸಾಕ್ಷಿ. ಬೇರೆ ಕುಟುಂಬಕ್ಕೆ ಸೇರಿದ ಇದು ಬ್ರೊಮೇಲಿಯಾಡ್ ಗಿಡದ ಎಲೆಸಂದಿನಲ್ಲಿ ನಿಂತ ಮಳೆನೀರಿನಲ್ಲಿ ಮರಿ ಸಾಕುತ್ತದೆ. ಕೊಳೆತ ಎಲೆಯನ್ನು ತೆಗೆದುಹಾಕುತ್ತದೆ. ಖಾಲಿ ಬಸವನಹುಳುವಿನ ಚಿಪ್ಪು ತಂದು ನೀರಿಗೆ ಹಾಕುತ್ತದೆ. ಚಿಪ್ಪಿನ ಸುಣ್ಣ ನೀರಿನ ಹುಳಿ ತಗ್ಗಿಸಿ ಮರಿಯ ಚಿಪ್ಪು ಬಲಿಯಲು ನೆರವಾಗುತ್ತದೆ. ಮರಿ ತಿನ್ನುವ ನೀರುಹುಳುಗಳನ್ನು ಕೊಲ್ಲುತ್ತದೆ, ಮರಿಗಳಿಗೆ ಆಹಾರ ತರುತ್ತದೆ. ರುಡಾಲ್ಫ್ ಡೀಸೆಲ್ ಎಂಬ ಜೀವವಿಜ್ಞಾನಿ ಇದನ್ನು ಅಧ್ಯಯನ ಮಾಡಿ ದಾಖಲಿಸಿದ್ದಾರೆ. ನಮ್ಮ ಏಡಿ ಇಷ್ಟೆಲ್ಲ ಮಾಡುತ್ತದೆಂದು ನಾನು ಹೇಳುತ್ತಿಲ್ಲ. ಏಡಿಗೆ ತಾಯ್ತನವೆಂದರೆ ಸಾವು ಎನ್ನುವ ಮಾತು ಎಷ್ಟು ಪೊಳ್ಳೆಂದು ತೋರಿಸಲು ಇದು ಸಾಕು.

ಹಡೆದ ಏಡಿ ಬದುಕುತ್ತದೆ ಎಂಬ ಮಾತಿಗೆ ರಾಯಚೂರು ಜಿಲ್ಲೆಯಲ್ಲಿ ಹೆಚ್ಚಿನ ತೂಕವಿದೆ. ಇದು ಕೃಷ್ಣಾ, ತುಂಗಭದ್ರಾ ನಡುವಿನ ನೆಲ. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆ ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲ ನೆಲ್ಲಿನ ಗದ್ದೆಯಾಯಿತು. ಬದುವಿನ ತೇವ ಏಡಿಗೂ ಮನೆಯಾಯಿತು. ರೈತರ ದೂರು ಸುಳ್ಳಲ್ಲ. ಬಿಲ ಬಿದ್ದ ಬದುವಿನಿಂದ ನೀರು ಸೋರುತ್ತದೆ, ಎಳೆ ಸಸಿಯನ್ನು ಏಡಿ ಕತ್ತರಿಸುತ್ತದೆ. ಕಾಲುವೆಯ ಕೊನೆಭಾಗದಲ್ಲಿರುವ ಮಾನ್ವಿ, ರಾಯಚೂರಿನ ರೈತರು ನೀರಿಗಾಗಿ ಪಡುವ ಪಾಡು ಬಲ್ಲವರು ಸೋರುವ ಬದುವನ್ನು ಹಗುರವಾಗಿ ಕಾಣಲಾರರು.

ಆದರೆ ಅದಕ್ಕೆ ಬಿಲದೊಳಗೆ ವಿಷ ಸುರಿಯುವುದು ಮದ್ದಲ್ಲ. ವಿಷ ಬಿಲದಲ್ಲೇ ನಿಲ್ಲದೆ ಗದ್ದೆಯ ನೀರಿಗೆ, ಅಲ್ಲಿಂದ ಬೆಳ್ಳಕ್ಕಿಗೆ, ಏಡಿ ಹಿಡಿದು ಸಾರು ಮಾಡುವ ಬಡವರ ತಟ್ಟೆಗೆ ದಾಟುತ್ತದೆ. ಬೇರೆ ದಾರಿಗಳಿವೆ. ಕಾಲುವೆ ನಿಂತ ಬೇಸಿಗೆಯಲ್ಲಿ ಬದುವನ್ನು ಅಗೆದು, ಮಣ್ಣು ಮೆತ್ತಿ ಗಟ್ಟಿ ಮಾಡಬಹುದು. ಸ್ವಲ್ಪ ಬಲಿತ ಸಸಿ ನಾಟಿ ಮಾಡಬಹುದು. ಏಡಿ ಹೆಚ್ಚಾದರೆ ಕೈಯಿಂದ ಹಿಡಿದು ತಿನ್ನಬಹುದು. ಹಿಡಿಯುವಾಗ ಮಗುಚಿ ನೋಡಿ, ಮುಚ್ಚಳದಡಿ ತತ್ತಿ, ಮರಿ ಇದ್ದರೆ ಹಳ್ಳಕ್ಕೆ ಬಿಡಬಹುದು. ಹೇಗೂ ಸಾಯುವ ತಾಯಿ ಎಂಬ ನಂಬಿಕೆ ಈ ಕೊನೆಯ ಮಾತಿಗೇ ಅಡ್ಡ ಬರುತ್ತದೆ. ತತ್ತಿ ಹೊತ್ತ ಒಂದು ಏಡಿ ಹೋದರೆ ಇಡೀ ಸಂಸಾರ ಹೋದಂತೆ, ಅದು ಮುಂದೆ ಹಡೆಯಬಹುದಾದ ಮರಿಗಳೂ ಹೋದಂತೆ.

ಮಕ್ಕಳಿಗಾಗಿ ಪ್ರಾಣ ಕೊಟ್ಟ ತಾಯಿಯನ್ನು ಹೊಗಳುವುದು ನಮಗೆ ಸುಲಭ. ಬದುಕಿದ್ದು, ಹೊತ್ತು, ಕಾದು ಸಾಕುವ ತಾಯಿಯ ದುಡಿಮೆ ಆ ಹೊಗಳಿಕೆಯಲ್ಲಿ ಮರೆಯಾಗುತ್ತದೆ. ಕೃಷಿ ವಿಶ್ವವಿದ್ಯಾಲಯವೇ ಇರುವ ರಾಯಚೂರಿನಲ್ಲಿ, ಪೀಡೆ ನಿರ್ವಹಣೆಯ ಪಾಠದಲ್ಲಿ ಏಡಿಯ ಹೆಸರು ಬಂದಾಗ ಅದರ ಬಸಿರು ಬಾಣಂತನದ ಪಾಠವೂ ಬರಬೇಕು. ಯಾವ ಕಾಲದಲ್ಲಿ ಹಿಡಿಯಬೇಕು, ಯಾವ ಕಾಲದಲ್ಲಿ ಬಿಡಬೇಕು ಎಂಬ ತೀರ್ಮಾನ ಅಲ್ಲಿಂದಲೇ ಹುಟ್ಟಬೇಕು.