ಅಪ್ಪನ ನೋಟು, ಮಗಳ ಕತ್ತರಿ

ತೀರಿಹೋದ ಯಜಮಾನಿಯ ಕೋಣೆ ಅದು. ಅವಳು ಬಿಟ್ಟುಹೋದ ಹಾಗೆಯೇ ಕಾಪಾಡಿಕೊಂಡು ಬಂದಿದ್ದ ಆ ಕೋಣೆಗೆ ಈಗ ಮನೆಯೊಡೆಯ ಮದುವೆಯಾಗಲಿರುವ ಹೆಂಗಸು ಕಾಲಿಟ್ಟಿದ್ದಾಳೆ. ಇನ್ನು ಮುಂದೆ ಜಮೀನಿನ ಉಸಾಬರಿ ನಿನಗೆ ಬೇಡ ಎಂಬ ಸೂಚನೆ ಮಗಳ ಕಿವಿಗೆ ಬೀಳುತ್ತದೆ. ಮಗಳ ಕೈಗೆ ಕತ್ತರಿ ಸಿಗುತ್ತದೆ. ಮರುಕ್ಷಣ ಅದು ಆ ಹೆಂಗಸಿನ ಮುಖಕ್ಕೆ ತಾಗಿ, ಆ ಮುಖ ಮತ್ತೆಂದೂ ಮೊದಲಿನಂತಾಗುವುದಿಲ್ಲ.

ಆಂಥನಿ ಮ್ಯಾನ್ 1950ರಲ್ಲಿ ನಿರ್ದೇಶಿಸಿದ 'ದ ಫ್ಯೂರೀಸ್' ಚಿತ್ರದ ಈ ದೃಶ್ಯದಲ್ಲಿ ಕುದುರೆಯಿಲ್ಲ, ಕೋವಿಯಿಲ್ಲ, ಧೂಳೆಬ್ಬಿಸುವ ಬೀದಿಯಿಲ್ಲ. ಆದರೂ ಹಾಲಿವುಡ್ಡಿನ ವೆಸ್ಟರ್ನ್ ಚಿತ್ರಗಳಲ್ಲಿ ನನ್ನನ್ನು ಇಷ್ಟು ನಡುಗಿಸಿದ ಹಿಂಸೆ ಬೇರೆ ಇಲ್ಲ. ಮಹಾಯುದ್ಧ ಮುಗಿದ ವರ್ಷಗಳಲ್ಲಿ ಫ್ರಾಯ್ಡನ ವಿಚಾರಗಳು ಅಮೆರಿಕದ ಸಿನಿಮಾದೊಳಗೆ ಹರಡಿದಾಗ ವೆಸ್ಟರ್ನ್ ಚಿತ್ರದ ಶತ್ರು ಗುಡ್ಡದಾಚೆಯಿಂದ ಬರುವುದನ್ನು ಬಿಟ್ಟು ಊಟದ ಮೇಜಿನ ಎದುರು ಬದಿಗೆ ಬಂದು ಕೂತ. ಈ ಪರಂಪರೆಗೆ ಬೀಜ ಬಿತ್ತಿದವರಲ್ಲಿ ಕಾದಂಬರಿಕಾರ, ಚಿತ್ರಕಥೆಗಾರ ನಿವೆನ್ ಬುಶ್ ಮುಖ್ಯ. ಅವನ ಕಾದಂಬರಿಯಿಂದ 1946ರ 'ಡ್ಯುಯೆಲ್ ಇನ್ ದ ಸನ್' ಬಂತು. ಅದು ಬಣ್ಣದ ಅಬ್ಬರದಲ್ಲಿ ಮನಸ್ಸನ್ನು ಮರೆತ ಚಿತ್ರ. ಮರುವರ್ಷ ಅವನೇ ಬರೆದ 'ಪರ್ಸ್ಯೂಡ್' ಬಂತು. 'ದ ಫ್ಯೂರೀಸ್' ಕೂಡ ಅವನದೇ ಕಾದಂಬರಿ.

ರೌಲ್ ವಾಲ್ಶ್ ನಿರ್ದೇಶನದ 'ಪರ್ಸ್ಯೂಡ್' ನೋಡಿದವರು ಬೂಟಿನ ಮುಳ್ಳುಗಾಲಿಯ ಆ ಮಿನುಗನ್ನು ಮರೆಯಲಾರರು. ಪುಟ್ಟ ಹುಡುಗ ನೆಲದಡಿಯಲ್ಲಿ ಅವಿತಿದ್ದಾನೆ. ಮೇಲೆ ಅವನ ಮನೆಯವರ ಕೊಲೆ ನಡೆಯುತ್ತಿದೆ. ಅವನ ನೆನಪಿನಲ್ಲಿ ಉಳಿಯುವುದು ಆ ಲೋಹದ ಹೊಳಪೊಂದೇ. ರಾಬರ್ಟ್ ಮಿಚಮ್ ಆ ಹುಡುಗನ ಪ್ರಾಯದ ರೂಪ. ಜೇಮ್ಸ್ ವಾಂಗ್ ಹೌ ಛಾಯಾಗ್ರಹಣದಲ್ಲಿ ಬೆಟ್ಟಗಳು ಕೂಡ ಮುಚ್ಚಿದ ಕೋಣೆಯ ಗೋಡೆಗಳಂತೆ ಕವಿದುಕೊಳ್ಳುತ್ತವೆ. ಸಾಕಿದ ಮನೆಯೇ ಅವನನ್ನು ಬೇಟೆಯಾಡುತ್ತದೆ. ಜೊತೆಗೆ ಬೆಳೆದ ಹುಡುಗಿ ಅವನನ್ನು ಕೊಲ್ಲಬೇಕೆಂದೇ ಮದುವೆಯಾಗುತ್ತಾಳೆ. ಇಷ್ಟು ದಟ್ಟವಾದ ಕತ್ತಲನ್ನು ಕಟ್ಟಿದ ಚಿತ್ರ ಕೊನೆಯಲ್ಲಿ ಮಾತ್ರ ಅವಸರಪಡುತ್ತದೆ. ಮರೆತ ಘಟನೆಯೊಂದು ನೆನಪಾದೊಡನೆ ಎಲ್ಲ ಗಂಟೂ ಬಿಚ್ಚಿಕೊಳ್ಳುತ್ತದೆ. ಮನಸ್ಸು ಒಂದೇ ಕೀಲಿಕೈಗೆ ತೆರೆದುಕೊಳ್ಳುವ ಪೆಟ್ಟಿಗೆ ಎಂಬ ಆ ಕಾಲದ ನಂಬಿಕೆ ಈ ಪರಂಪರೆಯ ದೊಡ್ಡ ದೌರ್ಬಲ್ಯ.

'ದ ಫ್ಯೂರೀಸ್'ನಲ್ಲಿ ಅಂಥ ಕೀಲಿಕೈ ಇಲ್ಲ, ಅದಕ್ಕೇ ಅದು ದೊಡ್ಡದು. ಗ್ರೀಕರ ಪುರಾಣದಲ್ಲಿ ರಕ್ತಸಂಬಂಧಕ್ಕೆ ದ್ರೋಹ ಬಗೆದವರನ್ನು ಅಟ್ಟಿಸಿಕೊಂಡು ಹೋಗುವ ದೇವತೆಗಳ ಹೆಸರೇ ಇಲ್ಲಿ ನ್ಯೂ ಮೆಕ್ಸಿಕೋದ ದನಗಾವಲಿನ ಹೆಸರು. ಒಡೆಯ ಟಿ.ಸಿ. ಜೆಫರ್ಡ್ಸ್ ಸಾಲ ತೀರಿಸಲು ತಾನೇ ನೋಟು ಅಚ್ಚು ಹಾಕಿಸಿದ್ದಾನೆ. ಆ ನೋಟುಗಳನ್ನು ಜನ ಕರೆಯುವುದೂ ಅವನ ಹೆಸರಿನಿಂದಲೇ. ಅಪ್ಪನ ಮಾತೇ ದುಡ್ಡು, ಅಪ್ಪನ ಅಹಂಕಾರವೇ ಬ್ಯಾಂಕು. ಮಗನಿದ್ದರೂ ಅವನಲ್ಲಿ ಆ ಕಸುವಿಲ್ಲ. ಕಸುವೆಲ್ಲ ಮಗಳು ವ್ಯಾನ್ಸ್‌ಳದು. ಅಪ್ಪ ಬೆನ್ನು ಕೊಟ್ಟು ನೀವಿಸಿಕೊಳ್ಳುವುದು ಅವಳಿಂದ, ಅವನ ಮಾತಿಗೆ ಸರಿಸಮ ಮಾತು ಕೊಡುವವಳೂ ಅವಳೇ. ವ್ಯಾನ್ಸ್ ಆಗಿ ನಟಿಸಿದ ಬಾರ್ಬರಾ ಸ್ಟ್ಯಾನ್ವಿಕ್‌ಗೆ ಆಗ ನಲವತ್ತು ದಾಟಿತ್ತು. ಪಾತ್ರದ ವಯಸ್ಸು ಅದಲ್ಲ ಎಂದು ಕೆಲವರಿಗೆ ಅನಿಸಬಹುದು. ನನಗೆ ಆ ಮುಖದ ಪಕ್ವತೆಯೇ ಬೇಕು, ಏಕೆಂದರೆ ಅಲ್ಲಿರುವುದು ಹುಡುಗಿಯ ಹಟವಲ್ಲ, ಆಸ್ತಿಯನ್ನು ಆಳಬಲ್ಲವಳ ತಯಾರಿ. ಅಪ್ಪನಾಗಿ ನಟಿಸಿದ ವಾಲ್ಟರ್ ಹ್ಯೂಸ್ಟನ್‌ನ ಕೊನೆಯ ಚಿತ್ರವಿದು. 1950ರ ಏಪ್ರಿಲ್‌ನಲ್ಲಿ, ಚಿತ್ರ ತೆರೆಗೆ ಬರುವ ಮುನ್ನವೇ, ಅವನು ತೀರಿಕೊಂಡ. ಕತ್ತರಿಯ ಪೆಟ್ಟು ತಿನ್ನುವ ಫ್ಲೋ ಆಗಿ ನಟಿಸಿದ ಜೂಡಿತ್ ಆಂಡರ್ಸನ್ 'ಪರ್ಸ್ಯೂಡ್'ನಲ್ಲಿ ಸಾಕುತಾಯಿಯಾಗಿದ್ದವಳು. ಗಾಯವಾದ ಮೇಲೆ ಅವಳು ತೋರುವ ತಣ್ಣನೆಯ ಘನತೆಯ ಮುಂದೆ, ಆವರೆಗೆ ವ್ಯಾನ್ಸ್ ಪಕ್ಷ ವಹಿಸಿದ್ದ ನಾವು ತಲೆ ತಗ್ಗಿಸಬೇಕಾಗುತ್ತದೆ.

ಈ ಪರಂಪರೆಯ ತಪ್ಪನ್ನೂ ಇದೇ ಚಿತ್ರದಲ್ಲಿ ನೋಡಬೇಕು. ಮಗಳ ಕತ್ತರಿಗೆ ಅಪ್ಪ ಕೊಡುವ ಉತ್ತರ ಹ್ವಾನ್ ಹೆರೆರಾನ ಕೊರಳಿಗೆ ಹಗ್ಗ. ಆ ನೆಲದಲ್ಲಿ ತಮ್ಮ ಹಕ್ಕಿದೆಯೆಂದು ನಂಬಿ ಬಂಡೆಯ ಮೇಲೆ ಮನೆ ಕಟ್ಟಿಕೊಂಡು ಬದುಕಿದ ಮೆಕ್ಸಿಕನ್ ಕುಟುಂಬದವನು ಹ್ವಾನ್, ವ್ಯಾನ್ಸ್‌ಳ ಬಾಲ್ಯದ ಗೆಳೆಯ. ಕುದುರೆ ಕದ್ದನೆಂಬುದು ಬರೀ ನೆಪ. ಗಿಲ್ಬರ್ಟ್ ರೋಲಂಡ್ ಆ ಪಾತ್ರಕ್ಕೆ ಕೊಟ್ಟ ಸೌಮ್ಯತೆ ಎದೆ ಕಲಕುತ್ತದೆ. ಆದರೆ ಚಿತ್ರಕ್ಕೆ ಆ ಸಾವು ಬೇಕಾಗಿರುವುದು ಅಪ್ಪ-ಮಗಳ ಜಗಳ ಮುಂದುವರಿಯಲಿಕ್ಕೆ. ಯಾರ ನೆಲ ಅದು ಎಂಬ ಪ್ರಶ್ನೆ ಹೊಸ್ತಿಲವರೆಗೆ ಬಂದು ಅಲ್ಲೇ ನಿಲ್ಲುತ್ತದೆ. ಮನೆಯೊಳಗಿನ ಬೆಂಕಿಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಈ ಚಿತ್ರಗಳು ಆ ಬೆಂಕಿಗೆ ಸೌದೆಯಾದವರನ್ನು ನೋಡುವಾಗ ಅವಸರ ಮಾಡುತ್ತವೆ.

ಇನ್ನೊಂದು ನಷ್ಟವೂ ಇದೆ. ಅದೇ 1950ರಲ್ಲಿ ಮ್ಯಾನ್ 'ವಿಂಚೆಸ್ಟರ್ 73' ಮಾಡಿದ. ಅದರಲ್ಲಿ ತಂದೆಯನ್ನು ಕೊಂದ ಒಡಹುಟ್ಟಿದವನನ್ನು ಜೇಮ್ಸ್ ಸ್ಟುವರ್ಟ್ ಬೆನ್ನಟ್ಟುತ್ತಾನೆ. 1955ರ 'ದ ಮ್ಯಾನ್ ಫ್ರಮ್ ಲ್ಯಾರಮಿ'ಯಲ್ಲಿ ಕಣ್ಣು ಮಂಜಾಗುತ್ತಿರುವ ಮುದುಕನ ಸುತ್ತ ಹೆತ್ತ ಮಗ, ಮಗನಂತೆ ಬೆಳೆದವನು ಇಬ್ಬರೂ ಕಾದಾಡುತ್ತಾರೆ. 1958ರ 'ಮ್ಯಾನ್ ಆಫ್ ದ ವೆಸ್ಟ್'ನಲ್ಲಿ ಗ್ಯಾರಿ ಕೂಪರ್ ತನ್ನನ್ನು ದರೋಡೆಗಾರನಾಗಿ ಬೆಳೆಸಿದ ಚಿಕ್ಕಪ್ಪನ ಎದುರು ನಿಲ್ಲುತ್ತಾನೆ. ಇವೆಲ್ಲ ದೊಡ್ಡ ಚಿತ್ರಗಳೇ. 'ಲಿಯರ್' ನಾಟಕದ ನೆರಳು ಇವುಗಳ ಮೇಲೆ ಮತ್ತೆ ಮತ್ತೆ ಹಾಯುತ್ತದೆ. ಆದರೆ ಲಿಯರನಿಗೆ ಇದ್ದವರು ಹೆಣ್ಣುಮಕ್ಕಳು. ಮ್ಯಾನ್‌ನ ಈ ಚಿತ್ರಗಳಲ್ಲಿ ದಾಯಾದಿ ಜಗಳ ಗಂಡಸರದಾಯಿತು, ಮಗಳು ಮಾಯವಾದಳು. ಗಂಡುಮಕ್ಕಳು ತಂದೆಯನ್ನು ದ್ವೇಷಿಸಬಲ್ಲರು, ಅವನಿಗಾಗಿ ಹಾತೊರೆಯಬಲ್ಲರು. ಅವನನ್ನು ಅವನದೇ ಆಟದಲ್ಲಿ ಸೋಲಿಸಿ, ಸೋತವನಿಂದಲೇ ಮೆಚ್ಚುಗೆ ಪಡೆಯುವುದು ವ್ಯಾನ್ಸ್‌ಗೆ ಮಾತ್ರ ಸಾಧ್ಯವಾಯಿತು.

ಅವಳು ಊರೂರು ಸುತ್ತಿ ಅಪ್ಪನ ನೋಟುಗಳನ್ನು ಅಗ್ಗಕ್ಕೆ ಕೊಂಡು ಕೂಡಿಹಾಕುತ್ತಾಳೆ. ಸಾಲಕ್ಕೆ ಸಿಕ್ಕಿದ ಅಪ್ಪ ದನಗಳನ್ನೆಲ್ಲ ಮಾರಿದಾಗ ಅವನ ಕೈಗೆ ಬರುವುದು ಆ ನೋಟುಗಳೇ. ತನ್ನ ಹೆಸರಿನ ಕಾಗದದಿಂದಲೇ ತಾನು ದಿವಾಳಿಯೆಂದು ಗೊತ್ತಾದ ಗಳಿಗೆಯಲ್ಲಿ ಹ್ಯೂಸ್ಟನ್ ಮುಖದಲ್ಲಿ ಅರಳುವುದು ಹೆಮ್ಮೆ. ಅಪ್ಪ-ಮಗಳು ಮತ್ತೆ ಒಂದಾಗುತ್ತಾರೆ. ಆಗ ಬೀದಿಯಲ್ಲಿ ಗುಂಡಿನ ಸದ್ದು ಕೇಳುತ್ತದೆ. ಹಾರಿಸಿದವಳು ಹ್ವಾನ್‌ನ ತಾಯಿ.